ಬೋಲ್ಟು ತನ್ನ ಮೈಯ ಪಕ್ಷ ವಹಿಸಿದ್ದು

ಲಾರಿ ಟೈರಿನ ಅಂಗಡಿಯಲ್ಲಿ ಸುತ್ತಿಗೆಗಿಂತ ಗಾಳಿಗೆ ಹೆಚ್ಚು ಹೆದರಬೇಕು. ಹಳೆಯ ಲಾರಿಗಳ ಚಕ್ರಕ್ಕೆ ಟೈರು ಕಳಚದಂತೆ ಒಂದು ಕಬ್ಬಿಣದ ಬಳೆ ಹಾಕಿರುತ್ತಾರೆ, ಲಾಕ್ ರಿಂಗು ಎಂದು ಅದರ ಹೆಸರು. ಅದು ತನ್ನ ಜಾಗದಲ್ಲಿ ಸರಿಯಾಗಿ ಕೂತಿಲ್ಲದಾಗ ಗಾಳಿ ತುಂಬಿದರೆ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಸಿಡಿದು ಬರುತ್ತದೆ. ಎದುರಿಗಿರುವುದು ಗೋಡೆಯೋ ಮನುಷ್ಯನ ಮುಖವೋ ಎಂದು ವಿಚಾರಿಸುವುದಿಲ್ಲ. ಹೆದ್ದಾರಿ ಪಕ್ಕದ ಆ ಅಂಗಡಿಯ ಯಜಮಾನ ಹೋದದ್ದು ಹಾಗೆಯೇ. ಅವನ ಹೆಂಡತಿ ಗೋಡೆಯನ್ನು ತಾನೇ ತಿಕ್ಕಿ ತೊಳೆದಳು, ಗಂಡನ ಖಾಕಿ ಅಂಗಿಯನ್ನು ಮೇಲೆ ತೊಟ್ಟುಕೊಂಡಳು, ಅಂಗಡಿ ಬಾಗಿಲು ತೆಗೆದು ಕಂಪ್ರೆಸರಿನ ಮುಂದೆ ನಿಂತಳು. ಡ್ರೈವರುಗಳೆಲ್ಲ ಆಕೆಯನ್ನು ದೊಡ್ಡಮ್ಮ ಅನ್ನುತ್ತಿದ್ದರು. ಅವಳ ಬಾಯಿಗೆ ಹೆದರುತ್ತಿದ್ದರು, ಅವಳ ಕೆಲಸವನ್ನು ನಂಬುತ್ತಿದ್ದರು.

ಬೋಲ್ಟು ಅವಳ ಹತ್ತಿರ ಬಂದು ಸೇರಿದ್ದು ಮೈತುಂಬ ಏಟು ತಿಂದುಕೊಂಡು.

ಅವನು ಹುಟ್ಟಿದಾಗ ಸೂಲಗಿತ್ತಿ ಹೆಣ್ಣು ಅಂದಳು, ಮನೆಯವರು ಹೌದು ಅಂದರು. ಅವನನ್ನು ಯಾರೂ ಕೇಳಲಿಲ್ಲ. ಮಾತು ಬಂದ ಮೇಲೆ ಅವನು ತನ್ನ ಬಗ್ಗೆ ತಾನೇ ಬಾಯಿತುಂಬ ಹೇಳಿಕೊಳ್ಳುವ ಮಗುವಾದ. ನಮ್ಮ ಮಾತಿನಲ್ಲಿ ಒಂದು ಅನುಕೂಲವಿದೆ: ಬಂದೆ, ಉಂಡೆ, ಬಿದ್ದೆ ಅನ್ನುವಾಗ ಹೇಳುವವರು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಆ ಮಾತುಗಳೊಳಗೆ ಅವನಿಗೆ ಹಾಯೆನಿಸುತ್ತಿತ್ತು. ಬೇರೆಯವರು "ಬಂದ್ಳು ನೋಡು" ಅಂದ ಕೂಡಲೇ ಮುಖ ಸಪ್ಪಗಾಗುತ್ತಿತ್ತು. ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

ಎದೆ ಬೆಳೆಯತೊಡಗಿದಾಗ ಯಾಕೆಂದು ಗೊತ್ತಾಯಿತು. ಬಚ್ಚಲ ಕದ ಹಾಕಿಕೊಂಡು, ನೀರಿನ ಸದ್ದು ಮಾಡಿಕೊಂಡು, ಮುಷ್ಟಿ ಕಟ್ಟಿ ತನ್ನ ಎದೆಗೆ ತಾನೇ ಗುದ್ದಿಕೊಳ್ಳುತ್ತಿದ್ದ. ಅದು ಸಾಲದೆ ಬಟ್ಟೆ ಬಡಿಯುವ ಕೋಲು ತೆಗೆದುಕೊಂಡ. ಹೊಡೆದರೆ ಒಳಗೆ ಹೋದೀತು ಎಂದು ನಂಬಿದ್ದ. ಒಳಗೇನೂ ಹೋಗಲಿಲ್ಲ; ಚರ್ಮ ನೀಲಿಯಾಯಿತು, ಆಮೇಲೆ ಹಳದಿಯಾಯಿತು, ಮತ್ತೆ ಅವನು ಹೊಡೆದ. ಸೊಂಟ ಅಗಲವಾಗುತ್ತಿರುವುದನ್ನು ಕಂಡು ಹಗ್ಗ ಬಿಗಿದು ಮಲಗಿದ. ಆ ಮೈಗೆ ಅಣ್ಣ ಕೈ ಎತ್ತುವ ಮೊದಲೇ ಅವನು ಎತ್ತಿದ್ದ.

ಅಣ್ಣ ಬಸ್ ನಿಲ್ದಾಣದ ಪಾರ್ಸೆಲ್ ಕೋಣೆಯಲ್ಲಿ ಕೆಲಸಕ್ಕಿದ್ದ. ಹೊರಗಿನವರಿಗೆ ಬೆಣ್ಣೆಯಂಥ ಮನುಷ್ಯ. ಅಪ್ಪ ತೀರಿಕೊಂಡ ಮೇಲೆ ಮನೆಯ ಎರಡು ಕೋಣೆಗೂ ಒಂದು ಉಗ್ರಾಣಕ್ಕೂ ತಾನೇ ದೊರೆ ಎಂದುಕೊಂಡಿದ್ದ. ತನ್ನ ಅಂಗಿ ತೊಟ್ಟು ಬೀದಿ ಸುತ್ತಿ ಬಂದ ಎಂದು ಒಮ್ಮೆ ಕೆನ್ನೆಗೆ ಹೊಡೆದು ಬೋಲ್ಟುವಿನ ಹಲ್ಲು ಅಲ್ಲಾಡಿಸಿದ್ದ. ಹೊಡೆಯುವುದು ಅವನಿಗೆ ಒಂದು ಅಭ್ಯಾಸವಾಯಿತು. ಕೆಲಸದಿಂದ ಬಂದು ಕೈಕಾಲು ತೊಳೆಯುವ ಹಾಗೆ.

ಇಪ್ಪತ್ತು ದಾಟುತ್ತಿದ್ದಂತೆ ಮದುವೆ ಗೊತ್ತು ಮಾಡಿದರು. ಗಂಡಿನ ಕಡೆಯವರು ನಾಳೆ ಬರುತ್ತಾರೆ ಅನ್ನುವ ದಿನ ಬೋಲ್ಟು ಅಡುಗೆಮನೆಯಲ್ಲಿ ನಿಂತು ಹೇಳಿದ:

"ನಾನು ಹೆಣ್ಣಲ್ಲಮ್ಮ. ಯಾರಿಗೂ ಹೆಂಡ್ತಿಯಾಗೋಕೆ ನನ್ನಿಂದ ಆಗಲ್ಲ."

ಅಮ್ಮ ಸೌಟು ಕೆಳಗಿಟ್ಟಳು. ಅಣ್ಣ ಸೊಂಟದ ಬೆಲ್ಟು ಬಿಚ್ಚಿದ.

"ಏನಂದೆ? ಇನ್ನೊಂದ್ಸಲ ಹೇಳೇ!"

"ಗಂಡು ಅಂದೆ."

ಬೆಲ್ಟನ್ನು ತಿರುಗಿಸಿ ಹಿಡಿದು ಬಕ್ಕಲು ಬಡಿಯುವಂತೆ ಹೊಡೆದ. ಮೊದಲ ಏಟಿಗೆ ಬೋಲ್ಟು ಗೋಡೆಗೆ ಒರಗಿದ, ಮೂರನೆಯದಕ್ಕೆ ನೆಲಕ್ಕೆ ಬಿದ್ದ. ಒದ್ದಾಡಿದಾಗ ಅಣ್ಣ, "ಅಮ್ಮಾ, ಕಾಲು ಹಿಡ್ಕೋ" ಅಂದ. ಅಮ್ಮ ಹಿಡಿದುಕೊಂಡಳು. ಅಳುತ್ತಲೇ, "ಒಪ್ಕೊಂಡ್ಬಿಡೇ, ಒಪ್ಕೊಂಡ್ಬಿಡೇ" ಅನ್ನುತ್ತಲೇ ಹಿಡಿದುಕೊಂಡಳು. ಬಕ್ಕಲಿನ ಮೊಳೆ ಬೆನ್ನಿನ ಮಾಂಸಕ್ಕೆ ಸಿಕ್ಕಿಕೊಂಡು ಕಿತ್ತು ಬಂದಾಗ ಮಾತ್ರ ಅವಳು ಮುಖ ತಿರುಗಿಸಿದಳು. ಕೈ ಬಿಡಲಿಲ್ಲ.

"ಗಂಡಸಂತೆ, ಗಂಡಸು!" ಅಣ್ಣ ಏದುಸಿರು ಬಿಡುತ್ತ ಅಂದ. "ಗಂಡಸಾಗಿದ್ರೆ ಎದ್ದು ಹೊಡಿಯೇ ನೋಡೋಣ."

ಅವನನ್ನು ಉಗ್ರಾಣಕ್ಕೆ ತಳ್ಳಿ ಹೊರಗಿಂದ ಚಿಲಕ ಹಾಕಿದರು. ಬೆಳಿಗ್ಗೆ ಅಣ್ಣ ಬಾಳೆಲೆಯೋ ಹಣ್ಣೋ ಏನೋ ತರಲು ಹೋದಾಗ ಬೋಲ್ಟು ಗೋಡೆಗೆ ಬೆನ್ನು ಕೊಟ್ಟು ಕೂತ. ಒರಟು ಗೋಡೆಗೆ ಗಾಯ ತಾಗಿ ಕಣ್ಣು ಕತ್ತಲೆ ಬಂತು. ಎರಡೂ ಪಾದ ಕದಕ್ಕೆ ಒತ್ತಿ, ತೊಡೆ ಬಿಗಿದು, ಒಂದೇ ಸಮನೆ ನೂಕಿದ. ಚಿಲಕ ಗಟ್ಟಿಯಾಗಿತ್ತು, ಕೀಲುಗಳು ಅಷ್ಟು ಗಟ್ಟಿ ಇರಲಿಲ್ಲ. ಕದ ಬುಡಸಮೇತ ಅಂಗಳಕ್ಕೆ ಬಿತ್ತು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದಳು, ಕೂಗಲಿಲ್ಲ. ಅವನು ತಂತಿಯ ಮೇಲಿದ್ದ ಅಣ್ಣನ ಅಂಗಿ ಎಳೆದುಕೊಂಡು ಓಡಿದ.

ಹೆದ್ದಾರಿಯಲ್ಲಿ ಕೈ ಅಡ್ಡ ಹಾಕಿ ಹತ್ತಿದ ಲಾರಿ ದೂರ ಹೋಗಿ ಪಂಕ್ಚರ್ ಆಗಿ ನಿಂತದ್ದು ದೊಡ್ಡಮ್ಮನ ಅಂಗಡಿ ಎದುರಿಗೆ. ಅವನು ಏನು ಮಾಡಬೇಕೆಂದು ತಿಳಿಯದೆ ಚಕ್ರ ಬಿಚ್ಚುವುದನ್ನು ನೋಡುತ್ತ ನಿಂತ.

"ಹಿಡ್ಕೊಳಪ್ಪಾ ಆ ಕಡೆ! ನೋಡ್ತಾ ನಿಂತ್ರೆ ಟೈರು ತಾನಾಗೇ ಎದ್ದು ನಿಲ್ಲುತ್ತಾ?" ದೊಡ್ಡಮ್ಮ ಗದರಿದಳು.

ಅಪ್ಪಾ ಎಂದು ಅವನನ್ನು ಯಾರಾದರೂ ಕರೆದದ್ದು ಅದೇ ಮೊದಲು. ಅವನು ಬಗ್ಗಿ, ಮೊಣಕಾಲು ಮಡಿಸಿ, ಟೈರನ್ನು ಒಂದೇ ಸಲಕ್ಕೆ ಎತ್ತಿ ನಿಲ್ಲಿಸಿದ. ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕೆಲಸ ಬೇಕಾ?"

"ಬೇಕು."

"ಹೆಸರು?"

ಇದ್ದ ಹೆಸರು ಬೇಡವಾಗಿತ್ತು, ಬೇಕಾದ ಹೆಸರು ಇನ್ನೂ ಇರಲಿಲ್ಲ.

"ಹೆಸರಿಲ್ದಿದ್ರೆ ಬಿಡು. ಸೊಂಟ ಇದೆಯಲ್ಲ, ನನ್ನ ಕೆಲಸಕ್ಕೆ ಅಷ್ಟು ಸಾಕು."

ಪಕ್ಕದಲ್ಲಿದ್ದ ಕೆಲಸಗಾರ ನಕ್ಕ. ಅವನು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಎಲ್ಲರ ಬಾಯಲ್ಲೂ ಉದ್ದಣ್ಣ. "ಗಿಡ್ಡ, ದಪ್ಪ, ತಲೆ ಗಟ್ಟಿ. ಇವನು ಥೇಟು ಬೋಲ್ಟು ದೊಡ್ಡಮ್ಮಾ" ಅಂದ. ಆ ಹೆಸರು ನಿಂತಿತು.

ಕೆಲಸ ಒರಟು. ರಿಮ್ಮಿಗೆ ಕಚ್ಚಿಕೊಂಡ ಟೈರಿನ ಅಂಚನ್ನು ಬಿಡಿಸಲು ದೊಡ್ಡ ಸುತ್ತಿಗೆಯಿಂದ ಬಡಿಯಬೇಕು, ಲಿವರ್ ಎಂಬ ಕಬ್ಬಿಣದ ಸಲಾಕೆ ಸಿಗಿಸಿ ಮೀಟಬೇಕು. ಉದ್ದಣ್ಣ ತೋಳಿನ ಬಲದಿಂದ ಮೀಟುತ್ತಿದ್ದ, ಬೇಗ ಸುಸ್ತಾಗುತ್ತಿದ್ದ. ದೊಡ್ಡಮ್ಮ ಬೋಲ್ಟುವಿಗೆ ಮಾತ್ರ, "ಕೈ ಬಿಡು, ಸೊಂಟ ತಿರುಗ್ಸು. ದೇವರು ಕೊಟ್ಟ ಜಾಕ್ ಅದು" ಅನ್ನುತ್ತಿದ್ದಳು. ಸೊಂಟ ಎಂಬ ಮಾತು ಕೇಳಿದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು. ಬೇಕೆಂದೇ ತೋಳಿನಿಂದ ಮೀಟಿ ರಟ್ಟೆ ಉಳುಕಿಸಿಕೊಳ್ಳುತ್ತಿದ್ದ.

ಎದೆಯ ವಿಷಯಕ್ಕೆ ಅಂಗಡಿಯಲ್ಲೇ ಉಪಾಯ ಸಿಕ್ಕಿತು. ಹಾಳಾದ ಟ್ಯೂಬಿನ ರಬ್ಬರನ್ನು ಉದ್ದುದ್ದ ಪಟ್ಟಿ ಕತ್ತರಿಸಿ, ಎದೆಗೆ ಸುತ್ತಿ, ಉಸಿರು ಪೂರ್ತಿ ಹೊರಬಿಟ್ಟು ಎಳೆದು ಕಟ್ಟುತ್ತಿದ್ದ. ಆಮೇಲೆ ದಿನವಿಡೀ ಅರ್ಧ ಉಸಿರಿನಲ್ಲಿ ಸುತ್ತಿಗೆ ಬೀಸುತ್ತಿದ್ದ. ರಬ್ಬರಿನೊಳಗೆ ಬೆವರು ಕೊಳೆತು ಚರ್ಮ ಬಿರಿಯಿತು. ಬಿರಿದದ್ದು ಹುಣ್ಣಾಯಿತು. ಅವನು ಮೇಲೆ ಇನ್ನೊಂದು ಸುತ್ತು ಬಿಗಿದ. ನೋವು ಹೆಚ್ಚಾದಷ್ಟೂ, ಈ ಮೈಗೆ ಹೀಗೇ ಆಗಬೇಕು ಎಂದುಕೊಳ್ಳುತ್ತಿದ್ದ. ಹಠಮಾರಿ ಕತ್ತೆಗೆ ಹೊಡೆಯುವವನ ಹಾಗೆ.

ಒಂದು ಬೇಸಗೆಯ ಮಧ್ಯಾಹ್ನ, ತಗಡಿನ ಮಾಡು ಕಾದು ಸುಡುತ್ತಿದ್ದಾಗ, ಬಿಚ್ಚಿ ನೆಲಕ್ಕೆ ಮಲಗಿಸಿದ್ದ ಲಾರಿಯ ಹಿಂದಿನ ಚಕ್ರಕ್ಕೆ ಗಾಳಿ ತುಂಬುತ್ತಿದ್ದ. ಗಾಳಿ ಹೊಡೆಯುವವರು ಎಂದೂ ಚಕ್ರದ ಎದುರಿಗೆ ನಿಲ್ಲಬಾರದು, ಪಕ್ಕಕ್ಕೇ ಇರಬೇಕು. ಬೋಲ್ಟು ಪಕ್ಕಕ್ಕೇ ಇದ್ದ. ಆದರೆ ಎದೆಯೊಳಗೆ ಗಾಳಿ ಸಾಲದೆ ಕಣ್ಣು ಕತ್ತಲಿಟ್ಟು, ಚಕ್ರದ ಮೇಲೇ ಮಗುಚಿ ಬಿದ್ದ. ಪೈಪು ಇನ್ನೂ ಊದುತ್ತಿತ್ತು. ಲಾಕ್ ರಿಂಗು ಕಿರ್ರೆಂದಿತು.

ಉದ್ದಣ್ಣ ಆ ಸದ್ದಿಗೆ ರಸ್ತೆಗೆ ಜಿಗಿದ. ದೊಡ್ಡಮ್ಮ ಆ ಸದ್ದನ್ನು ಹಿಂದೊಮ್ಮೆ ಕೇಳಿದ್ದವಳು. ಓಡಿ ಬಂದು ಬೋಲ್ಟುವಿನ ಎರಡೂ ಕಾಲು ಹಿಡಿದು ದರದರನೆ ಎಳೆದಳು. ಅವನ ಗಲ್ಲ ನೆಲಕ್ಕೆ ಬಡಿಯುತ್ತ ಬಂತು. ಅವನ ತಲೆ ಚಕ್ರ ದಾಟಿತ್ತಷ್ಟೆ, ರಿಂಗು ಸಿಡಿಯಿತು. ಗುಂಡು ಹೊಡೆದ ಹಾಗೆ ಸದ್ದು. ಮೇಲಿನ ತಗಡು ಸೀಳಿ ಆಕಾಶ ಕಂಡಿತು, ರಿಂಗು ಅಂಗಡಿಯ ಹಿಂದೆಲ್ಲೋ ಹೋಗಿ ಬಿತ್ತು.

ದೊಡ್ಡಮ್ಮ ಅವನನ್ನು ಒಳಕೋಣೆಗೆ ಎಳೆದುಕೊಂಡು ಹೋಗಿ ಕೆನ್ನೆಗೆ ಬಾರಿಸಿದಳು. ಎಚ್ಚರವಾಗಲಿಲ್ಲ. ಅಂಗಿಯ ಗುಂಡಿ ಬಿಚ್ಚಿದಳು, ರಬ್ಬರು ಕಂಡಿತು. ಪ್ಯಾಚು ಕತ್ತರಿಸುವ ಚಾಕು ತಂದು ಪಟ್ಟಿಯನ್ನು ಸೀಳಿದಾಗ ಅದು ಚರ್ಮವನ್ನೂ ಕಿತ್ತುಕೊಂಡು ಬಂತು. ಕೀವಿನ ವಾಸನೆ ಕೋಣೆ ತುಂಬಿತು. ಬೋಲ್ಟು ನೋವಿಗೆ ಎಚ್ಚೆತ್ತು, ಎರಡೂ ಕೈಯಲ್ಲಿ ಎದೆ ಮುಚ್ಚಿಕೊಂಡು ಮೂಲೆಗೆ ಸರಿದ.

"ಬೆನ್ನ ಮೇಲೆ ಬಕ್ಕಲ್ ಗುರುತಿದೆಯಲ್ಲ, ಯಾರ್ದು?" ಆಕೆ ಕೇಳಿದಳು.

"ಅಣ್ಣಂದು."

"ಎದೆ ಮೇಲಿರೋದು?"

"ನಂದೇ."

"ಅಂದ್ರೆ ಹಿಂದ್ಗಡೆ ಅವ್ನು, ಮುಂದ್ಗಡೆ ನೀನು. ಇಬ್ರೂ ಸೇರಿ ಗುತ್ತಿಗೆ ಹಿಡ್ದಿದೀರಾ?" ಆಕೆ ಚಾಕು ಪಕ್ಕಕ್ಕೆ ಎಸೆದಳು. "ನಿಂಗೆ ಹೊಡೆದೋರ ಗುಂಪಲ್ಲಿ ನೀನೂ ಒಬ್ನಾ?"

ಒಬ್ನಾ ಅಂದದ್ದು ಅವನಿಗೆ ಕೇಳಿಸಿತು. ಎಲ್ಲ ನೋಡಿದ ಮೇಲೂ ಒಬ್ನಾ ಅಂದಿದ್ದಳು.

"ಈ ಮೈ ನಂದಲ್ಲ ದೊಡ್ಡಮ್ಮಾ."

"ನಿಂದಲ್ದೆ ಇನ್ಯಾರ್ದು? ನಿಮ್ಮಣ್ಣಂದಾ?"

ಹೊಡೆಯುವಾಗ ಅಣ್ಣ ಕೂಡ ಅದನ್ನೇ ಹೇಳಿದಂತಿತ್ತು: ಈ ಮೈ ನಿನ್ನದಲ್ಲ, ಮನೆತನದ್ದು, ನಾಳೆ ಬರುವವನದ್ದು. ತಾನು ಬೇಡ ಬೇಡ ಎಂದು ಎತ್ತಿ ಎಸೆದದ್ದನ್ನು ಅಣ್ಣನೇ ಬಾಚಿಕೊಂಡಿದ್ದ. ಬೋಲ್ಟು ಅತ್ತ. ಏಟು ತಿನ್ನುವಾಗ ಬಾರದ ಅಳು ಅಂದು ಬಂತು.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಅವನು ಸೋಪು ಹಿಡಿದುಕೊಂಡು ಬಹಳ ಹೊತ್ತು ನಿಂತ. ಅಷ್ಟು ವರ್ಷ ಮೈ ತೊಳೆಯುವುದೆಂದರೆ ಕಣ್ಣು ಮುಚ್ಚಿ ತಿಕ್ಕುವುದಾಗಿತ್ತು. ಈಗ ಹುಣ್ಣಿನ ಸುತ್ತ ಬೆರಳ ತುದಿಯಿಂದ, ಯಾರೋ ನಂಬಿ ಕೊಟ್ಟು ಹೋದ ವಸ್ತುವನ್ನು ಒರೆಸುವ ಹಾಗೆ ಒರೆಸಿದ. ಹುಣ್ಣಿಗೆ ಗಾಳಿ ತಾಗಿ ತಣ್ಣಗಾಯಿತು. "ನೋವಾಯ್ತಾ?" ಎಂದು ತನಗೆ ತಾನೇ ಕೇಳಿಕೊಂಡು, ಹುಚ್ಚನ ಹಾಗೆ ನಕ್ಕನಂತೆ. ಇದನ್ನು ಅವನೇ ಹೇಳಿದ್ದು.

ದೊಡ್ಡಮ್ಮ ದಪ್ಪ ಬಟ್ಟೆಯ ಒಂದು ಒಳಂಗಿ ಹೊಲಿದುಕೊಟ್ಟಳು. ಎದೆ ಎದ್ದು ಕಾಣದಂತೆ, ಆದರೆ ಉಸಿರು ಕಟ್ಟದಂತೆ. ಪೇಟೆಯ ಆಸ್ಪತ್ರೆಯಲ್ಲಿ ಇಂಥವರಿಗೆಂದೇ ಕೂರುವ ಒಬ್ಬ ವೈದ್ಯೆಯ ಹತ್ತಿರ ಕರೆದುಕೊಂಡು ಹೋದಳು. ಗಂಡು ಹಾರ್ಮೋನಿನ ಇಂಜೆಕ್ಷನ್ನು ಶುರುವಾಯಿತು. ಕೆಲವು ತಿಂಗಳಲ್ಲಿ ದನಿ ಒಡೆಯಿತು. ಗಿರಾಕಿಯ ಜೊತೆ ಮಾತಾಡುತ್ತಿದ್ದಾಗ ಅರ್ಧ ವಾಕ್ಯ ಕೆಳಗೆ, ಅರ್ಧ ಮೇಲೆ. ಮುಖದ ತುಂಬ ಮೊಡವೆ. ಉದ್ದಣ್ಣ ರಿಂಗು ಸಿಡಿದ ಮಧ್ಯಾಹ್ನದಿಂದ ಅವನ ಪಕ್ಕ ಕೂತು ಚಹಾ ಕುಡಿಯುವುದನ್ನೇ ಬಿಟ್ಟಿದ್ದ. ಒಳಕೋಣೆಗೆ ಇಣುಕಿದಾಗ ಕಂಡದ್ದಕ್ಕೆ ಬಿಟ್ಟನೋ, ಓಡಿಹೋದ ನಾಚಿಕೆಗೆ ಬಿಟ್ಟನೋ ಗೊತ್ತಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಲೋಟ ಹಿಡಿದು ಬಂದು ಪಕ್ಕದಲ್ಲಿ ಕುಕ್ಕರಿಸಿದ.

"ಕಂಪ್ರೆಸರ್ ಬೆಲ್ಟು ಜಾರ್ತಿದೆ ಕಣೋ. ಗಂಟ್ಲಿಗೆ ಸ್ವಲ್ಪ ಎಣ್ಣೆ ಬಿಡು."

ಬೋಲ್ಟು ಕುಡಿದ ಚಹಾ ಮೂಗಿಗೆ ಬರುವಷ್ಟು ನಕ್ಕ.

ಆ ವರ್ಷಗಳಲ್ಲಿ ಅವನು ತನ್ನ ಮೈಯನ್ನು ಒಂದೊಂದಾಗಿ ಪರಿಚಯ ಮಾಡಿಕೊಂಡ. ತೊಡೆಗಳು ಮರದ ಕೊರಡಿನಂತಿದ್ದವು. ಅಂಗೈಯಲ್ಲಿ ಚಪ್ಪಲಿ ಅಟ್ಟೆಯಷ್ಟು ಗಟ್ಟಿ ಚರ್ಮ. ಹೊಟ್ಟೆಯ ಮೇಲೆ ಹೊಕ್ಕುಳವರೆಗೂ ಕೂದಲು ಇಳಿದುಬಂದಿತ್ತು, ಅದನ್ನು ಬೆಳಿಗ್ಗೆ ಎದ್ದು ಒಮ್ಮೆ ಸವರಿಕೊಳ್ಳುತ್ತಿದ್ದ. ಸೊಂಟ ಅಗಲವಾಗಿಯೇ ಉಳಿಯಿತು. ಒಮ್ಮೆ ಯಾರಿಗೂ ಜಗ್ಗದ ಟೈರೊಂದು ಬಂದಾಗ, ಲಿವರ್ ಸಿಗಿಸಿ, ಹಲ್ಲು ಕಚ್ಚಿ, ಸೊಂಟದ ಪೂರ್ತಿ ಭಾರವನ್ನು ತಿರುಗಿಸಿ ಕೊಟ್ಟ. ಟೈರು ಗೊಣಗುತ್ತ ರಿಮ್ಮು ಬಿಟ್ಟಿತು. ಡ್ರೈವರು ಶಿಳ್ಳೆ ಹಾಕಿದ. ಬೋಲ್ಟು ಸೊಂಟಕ್ಕೆ ಎರಡು ತಟ್ಟು ತಟ್ಟಿದ, ಚೆನ್ನಾಗಿ ಎಳೆದ ಎತ್ತಿಗೆ ತಟ್ಟುವ ಹಾಗೆ.

ಅಣ್ಣನಿಗೆ ಸುಳಿವು ಕೊಟ್ಟದ್ದು ಪಾರ್ಸೆಲ್ ಕೋಣೆಗೆ ಬರುತ್ತಿದ್ದ ಒಬ್ಬ ಡ್ರೈವರು. ಬಗ್ಗಿದಾಗ ಅಂಗಿ ಸರಿದು ಬೆನ್ನಿನ ಕೆಳಗೆ ಇಂಥಿಂಥ ಗುರುತು ಕಾಣುವ ಗಿಡ್ಡ ಟೈರು ಕೆಲಸಗಾರ ಎಂದು ಮಾತಿಗೆ ಮಾತು ಬಂದು ಹೇಳಿದ್ದನಂತೆ. ಅಣ್ಣ ಒಂದು ವ್ಯಾನು ಮಾಡಿಕೊಂಡು ಹಗಲಲ್ಲೇ ಬಂದ. ಜೊತೆಗೆ ಸೋದರಮಾವನ ಮಗ, ಮತ್ತೆ ಬಾಡಿಗೆಗೆ ತಂದ ಒಬ್ಬ ದಾಂಡಿಗ.

ಮೊದಲು ಮಾತು ಬೆಣ್ಣೆಯೇ.

"ಬಾಮ್ಮ, ಮನೆಗೆ ಹೋಗೋಣ. ಅಮ್ಮ ಊಟ ಬಿಟ್ಟಿದಾಳೆ."

"ನೀನು ಹೋಗಣ್ಣ. ನಾನು ಬರಲ್ಲ."

ಅಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಅದು ಅವರಪ್ಪನ ದನಿ. ಸತ್ತು ವರ್ಷಗಳಾದ ಅಪ್ಪ ಎದುರಿಗೆ ನಿಂತು ಮಾತಾಡಿದ ಹಾಗಿತ್ತು. ಅವನ ಮುಖ ಮೊದಲು ಬಿಳುಚಿತು, ಆಮೇಲೆ ಕೆಂಪಾಯಿತು. ಕೈ ಬೀಸಿದ. ಬೋಲ್ಟುವಿನ ತುಟಿ ಒಡೆಯಿತು.

ದಾಂಡಿಗ ಹಿಂದಿನಿಂದ ಕುತ್ತಿಗೆ ಅಮುಕಿ ಹಿಡಿದ, ಮಾವನ ಮಗ ಕಾಲಿಗೆ ಒದ್ದ. ಮೂವರೂ ಸೇರಿ ಅವನನ್ನು ವ್ಯಾನಿನ ಕಡೆ ಎಳೆದರು. ಬೋಲ್ಟು ವ್ಯಾನಿನ ಬಾಗಿಲಿಗೆ ಪಾದ ಕೊಟ್ಟು ನಿಂತುಬಿಟ್ಟ, ಜಗ್ಗಲಿಲ್ಲ. ರಸ್ತೆಯ ಆಚೆ ಈಚೆ ಡ್ರೈವರುಗಳು, ಬ್ಯಾಟರಿ ಅಂಗಡಿಯವನು, ಚಹಾದವಳು ಎಲ್ಲರೂ ನೋಡುತ್ತಿದ್ದರು. ಮಧ್ಯೆ ಬೀಳಲು ಯಾರಿಗೂ ಧೈರ್ಯವಿಲ್ಲ. ಅಣ್ಣನಿಗೆ ಆಗ ಬೇರೆ ಯೋಚನೆ ಬಂತು. ಬೋಲ್ಟುವಿನ ಅಂಗಿಯ ಕಾಲರಿಗೆ ಕೈ ಹಾಕಿ ಕೆಳಗಿನವರೆಗೆ ಹರಿದ. ಒಳಂಗಿಯನ್ನೂ ಹಿಡಿದು ಎಳೆದು ಕಿತ್ತ.

"ನೋಡ್ರೋ ಎಲ್ಲಾರೂ! ನೋಡ್ರಿ, ನಿಮ್ಮ ಬೋಲ್ಟಣ್ಣನ್ನ! ಇದು ಗಂಡಸಂತೆ!"

ಬೋಲ್ಟು ಜೀವನವಿಡೀ ಹೆದರಿದ್ದು ಇದೊಂದಕ್ಕೇ. ಬಚ್ಚಲಿಗೆ ಎರಡು ಚಿಲಕ ಹಾಕಿಸಿದ್ದು ಇದಕ್ಕೆ, ರಬ್ಬರು ಬಿಗಿದು ಕೊಳೆತದ್ದು ಇದಕ್ಕೆ. ಈಗ ಅದು ನಡುಬಿಸಿಲಲ್ಲಿ ನಡೆದೇ ಹೋಯಿತು. ಕುತ್ತಿಗೆಯ ಹಿಡಿತ ಒಂದು ಕ್ಷಣ ಸಡಿಲಾಗಿತ್ತು, ದಾಂಡಿಗನೂ ನೋಡಲು ಬಗ್ಗಿದ್ದ. ಬೋಲ್ಟುವಿನ ಕೈಗಳು ಅಭ್ಯಾಸಬಲದಿಂದ ಎದೆ ಮುಚ್ಚಲು ಎದ್ದವು. ಕೈ ಇದ್ದದ್ದು ಎರಡೇ. ಮುಚ್ಚಿಕೊಂಡರೆ ಹೊಡೆಯುವ ಹಾಗಿಲ್ಲ, ಹೊಡೆದರೆ ಮುಚ್ಚಿಕೊಳ್ಳುವ ಹಾಗಿಲ್ಲ.

"ಆವಾಗ ಏನನ್ನಿಸ್ತು ಗೊತ್ತಾ?" ಎಂದು ಆಮೇಲೊಮ್ಮೆ ಹೇಳಿದ. "ಮುಚ್ಕೊಳ್ಳೋಕೆ ಇದೇನು ಕದ್ದ ಮಾಲಾ ಅನ್ನಿಸ್ತು."

ಕೈ ಎದೆ ಬಿಟ್ಟು ಮುಂದೆ ಹೋಯಿತು. ಅಣ್ಣನ ಅಂಗಿಯ ಎದೆಭಾಗವನ್ನೂ ಬೆಲ್ಟನ್ನೂ ಹಿಡಿದು, ತಾನು ಕೆಳಕ್ಕೆ ಬಗ್ಗಿ, ಸೊಂಟವನ್ನು ಅವನ ಹೊಟ್ಟೆಯ ಅಡಿಗೆ ಕೊಟ್ಟು, ಟೈರು ತಿರುಗಿಸುವ ಹಾಗೆ ತಿರುಗಿಸಿದ. ಅಣ್ಣನ ಕಾಲು ನೆಲ ಬಿಟ್ಟಿತು. ಗಾಳಿಯಲ್ಲಿ ಒಂದು ಸುತ್ತು ಹೋಗಿ ರಿಮ್ಮುಗಳ ರಾಶಿಯ ಮೇಲೆ ಭುಜ ಕೆಳಗಾಗಿ ಬಿದ್ದ. ಕೊರಳ ಕೆಳಗಿನ ಮೂಳೆ ಲಟಕ್ಕೆಂದದ್ದು ರಸ್ತೆಯ ಆಚೆಯವರಿಗೂ ಕೇಳಿಸಿತು. ಬೋಲ್ಟು ಅವನ ಎದೆಯ ಮೇಲೆ ಹತ್ತಿ ಕೂತು ಮುಖಕ್ಕೆ ಗುದ್ದಿದ. ಮೂಗಿಗೆ, ಬಾಯಿಗೆ, ಮತ್ತೆ ಮೂಗಿಗೆ. ರಕ್ತ ಮೊಣಕೈವರೆಗೆ ಹಾರಿತು.

ದಾಂಡಿಗ ನೆಲದಲ್ಲಿದ್ದ ಲಿವರ್ ಎತ್ತಿ ಬೋಲ್ಟುವಿನ ಪಕ್ಕೆಗೆ ಬೀಸಿದ. ಒಳಗೆ ಏನೋ ಮುರಿಯಿತು. ಎರಡನೇ ಸಲ ಬೀಸಿದ. ಮೂರನೆಯದು ತಲೆಗೆ ಎಂದು ಎತ್ತಿದ್ದ. ಅಷ್ಟರಲ್ಲಿ ಹಿಂದಿನಿಂದ ಉದ್ದಣ್ಣನ ಚಕ್ರ ಬಿಚ್ಚುವ ಸ್ಪ್ಯಾನರು ಅವನ ಮೊಣಕೈಗೆ ಬಿತ್ತು. ಈ ಸಲ ಉದ್ದಣ್ಣ ಓಡಿರಲಿಲ್ಲ. ದೊಡ್ಡಮ್ಮ ಗಾಳಿ ಪೈಪು ಎಳೆದು ತಂದು ನೆಲದ ಮರಳನ್ನೆಲ್ಲ ಮಾವನ ಮಗನ ಕಣ್ಣಿಗೆ ಊದಿದಳು. ಅವನು ಕಣ್ಣು ಹೊಸಕಿಕೊಂಡು ಕಿರುಚುತ್ತ ವ್ಯಾನು ಹುಡುಕಿದ. ದಾಂಡಿಗನೂ ಅವನೂ ಸೇರಿ ಅಣ್ಣನನ್ನು ಮೂಟೆಯಂತೆ ಒಳಗೆ ಹಾಕಿಕೊಂಡು ಹೋದರು.

ಬೋಲ್ಟು ರಸ್ತೆಯ ಮಧ್ಯೆ ಎದ್ದು ನಿಂತ. ಸೊಂಟದಿಂದ ಮೇಲೆ ಏನೂ ಇಲ್ಲ. ಬಾಯಿಂದ ರಕ್ತ, ಉಸಿರೆಳೆದಾಗ ಒಳಗೆ ಶಿಳ್ಳೆಯಂಥ ಸದ್ದು. ಎಲ್ಲರೂ ನೋಡುತ್ತಿದ್ದರು. ಬ್ಯಾಟರಿ ಅಂಗಡಿಯವನು ತಲೆ ತಗ್ಗಿಸಿಕೊಂಡು ಒಂದು ಟವೆಲು ಚಾಚಿದ.

"ತಡಿಯಪ್ಪ," ಬೋಲ್ಟು ಅಂದ, "ಮೊದ್ಲು ಉಸ್ರು ಬರ್ಲಿ."

ಉಸಿರು ಬರಲಿಲ್ಲ. ಅಲ್ಲೇ ಕುಸಿದ.

ಪಕ್ಕೆಯ ಮೂಳೆ ಮುರಿದು ಶ್ವಾಸಕೋಶಕ್ಕೆ ಚುಚ್ಚಿತ್ತು. ಆಸ್ಪತ್ರೆಯಲ್ಲಿ ಎದೆಯ ಪಕ್ಕ ತೂತು ಮಾಡಿ ನಳಿಕೆ ಇಟ್ಟರು. ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸಿನವನು ಪೆನ್ನು ಹಿಡಿದು ತಡವರಿಸಿದ.

"ಇವರನ್ನ... ಏನಂತ ಬರ್ಕೊಳ್ಲಿ? ಗಂಡೋ, ಹೆಣ್ಣೋ?"

"ಹೊಡೆಸ್ಕೊಂಡೋನು ಅಂತ ಬರ್ಕೋ," ದೊಡ್ಡಮ್ಮ ಅಂದಳು. "ಹೊಡೆದೋರ್ ಬಗ್ಗೆ ಕೇಳೋಕೆ ಬಾಯಿ ಬಂದಿಲ್ವಾ ಇನ್ನೂ?"

ಬೋಲ್ಟುವಿಗೆ ನಗು ಬಂತು, ನಕ್ಕರೆ ಪ್ರಾಣ ಹೋಗುವಷ್ಟು ನೋವು. ನಗಬಾರದೆಂದು ದಿಂಬು ಕಚ್ಚಿಕೊಂಡ.

ಹಾಸಿಗೆಯಲ್ಲಿ ಮಲಗಿದ ದಿನಗಳಲ್ಲಿ ಅವನಿಗೆ ಮಾಡಲು ಕೆಲಸವಿರಲಿಲ್ಲ. ಮೈಯ ಕಡೆ ಕಿವಿಗೊಟ್ಟು ಮಲಗಿದ. ಎಷ್ಟು ಹೊಡೆದಿದ್ದೇನೆ ಇದಕ್ಕೆ, ಎಷ್ಟು ಬೈದಿದ್ದೇನೆ. ಆದರೂ ಇದು ಮುರಿದ ಮೂಳೆಯನ್ನು ಯಾರೂ ಹೇಳದೆ ಕೂಡಿಸುತ್ತಿದೆ. ರಕ್ತ ಕಟ್ಟಿದ ಕಡೆ ಸ್ವಲ್ಪ ಸ್ವಲ್ಪವಾಗಿ ತಿಳಿ ಮಾಡುತ್ತಿದೆ. ಕೋಪ ಮಾಡಿಕೊಂಡು ಒಂದು ದಿನವೂ ಕೆಲಸ ಬಿಟ್ಟು ಕೂತದ್ದಿಲ್ಲ. ನಳಿಕೆ ತೆಗೆದ ದಿನ ಅವನು ಎದೆ ತುಂಬ ಉಸಿರು ಎಳೆದುಕೊಂಡ; ಹಾಗೆ ಎಳೆದುಕೊಂಡು ಎಷ್ಟೋ ದಿನವಾಗಿತ್ತು. ಅಂಗೈಯನ್ನು ಬ್ಯಾಂಡೇಜಿನ ಮೇಲಿಟ್ಟು, "ಸಾಕು ಮಾರಾಯ, ಇನ್ನು ನಾನು ನಿನ್ನ ಕಡೆ" ಅಂದ. ಪಕ್ಕದ ಹಾಸಿಗೆಯವನು ತನಗೇ ಹೇಳಿದ ಎಂದುಕೊಂಡು "ಆಗ್ಲಿ ಅಣ್ಣ" ಅಂದ.

ಅಂಗಡಿಗೆ ಮರಳಿದಾಗ ಕೆಲವು ಡ್ರೈವರುಗಳು ಬೇರೆ ಅಂಗಡಿ ಹುಡುಕಿಕೊಂಡಿದ್ದರು. ಕೆಲವರು ಬಂದು ಕೆಲಸ ಮಾಡಿಸಿಕೊಂಡು ಕಣ್ಣು ತಪ್ಪಿಸುತ್ತಿದ್ದರು. ಒಬ್ಬ ಕುಡಿದು ಬಂದು, "ಇನ್ನೊಂದ್ಸಲ ತೋರ್ಸೋ" ಎಂದು ಅಂಗಿಗೆ ಕೈ ಹಾಕಿದ. ಬೋಲ್ಟು ಅವನ ಬೆರಳು ಹಿಡಿದು ಹಿಂದಕ್ಕೆ ಮಡಿಸಿದ. ಮುರಿಯುವವರೆಗೆ ಬಿಡಲಿಲ್ಲ. ಆಮೇಲೆ ಯಾರೂ ಕೇಳಲಿಲ್ಲ.

ಪೊಲೀಸಿನವರು ಅಣ್ಣನ ಕೈಯಲ್ಲಿ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಅವನ ಭುಜ ಓರೆಯಾಗಿಯೇ ಕೂಡಿತು. ಅಮ್ಮ ಒಮ್ಮೆ ಯಾರದೋ ಫೋನಿನಿಂದ ಮಾತಾಡಿದಳು.

"ಅಣ್ಣಂಗೆ ಕೈ ಮೇಲೆತ್ತೋಕಾಗಲ್ಲ ಈಗ."

"ಒಳ್ಳೇದಾಯ್ತು."

ಅಮ್ಮ ಆ ಮಾತು ಅಲ್ಲಿಗೇ ಬಿಟ್ಟಳು. ಕೊನೆಗೆ, "ನೀನು ಹೇಗಿದೀಯ ಮಗಾ?" ಅಂದಳು. ಹೆಣ್ಣುಮಕ್ಕಳನ್ನೂ ಮಗಾ ಅ‌ನ್ನುವುದುಂಟು. ಅಮ್ಮ ಯಾವ ಅರ್ಥದಲ್ಲಿ ಅಂದಳೋ ಅವನು ಕೇಳಲಿಲ್ಲ. ಚೆನ್ನಾಗಿದೀನಿ ಎಂದು ಹೇಳಿ ಇಟ್ಟುಬಿಟ್ಟ. ಅವಳನ್ನು ಕ್ಷಮಿಸಿದ್ದೇನೆ ಎಂದು ಅವನು ಯಾವತ್ತೂ ಹೇಳಿದ್ದಿಲ್ಲ.

ಎರಡು ಬೇಸಗೆ ಕಳೆದ ಮೇಲೆ ಎದೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ವೈದ್ಯೆ, "ಇದನ್ನ ಕಂಡ್ರೆ ತುಂಬಾ ದ್ವೇಷನಾ?" ಎಂದು ಕೇಳಿದರಂತೆ. "ಮೊದ್ಲಿತ್ತು," ಅಂದ. "ಈಗಿಲ್ಲ. ಇದೂ ನಂದೇ, ನನ್ ಜೊತೆ ಎಲ್ಲಾ ಏಟು ತಿಂದಿದೆ. ಆದ್ರೆ ಬೇಡ. ನಂದಾಗಿರೋದಕ್ಕೇ ಬೇಡ ಅನ್ನೋ ಹಕ್ಕಿದೆ ನಂಗೆ." ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಬಿಸಿನೀರಿನಲ್ಲಿ ಎದೆಯನ್ನು ನಿಧಾನವಾಗಿ ತೊಳೆದ, ಬಹುಕಾಲ ಮನೆಯಲ್ಲಿದ್ದ ನೆಂಟರನ್ನು ಕಳಿಸಿಕೊಡುವ ಹಾಗೆ. ಈಗ ಅಲ್ಲಿ ಎರಡು ಉದ್ದ ಗೆರೆಗಳಿವೆ, ಪಕ್ಕದಲ್ಲಿ ನಳಿಕೆಯ ತೂತಿನ ಗುರುತಿದೆ. ಸೆಕೆ ಹೆಚ್ಚಾದರೆ ಅಂಗಿ ಬಿಚ್ಚಿ ಕೆಲಸ ಮಾಡುತ್ತಾನೆ. ಏನಿದು ಎಂದು ಹೊಸ ಡ್ರೈವರು ಕೇಳಿದರೆ, "ರಿಪೇರಿ ಗುರುತು" ಅನ್ನುತ್ತಾನೆ.

ದೊಡ್ಡಮ್ಮನಿಗೆ ಈಗ ಮಂಡಿ ನೋವು. ಕುರ್ಚಿಯಲ್ಲಿ ಕೂತು ಎಲ್ಲರನ್ನೂ ಬೈಯುತ್ತಾಳೆ. ಅಂಗಡಿ ನಡೆಸುವವನು ಬೋಲ್ಟು. ನಲವತ್ತು ದಾಟಿದೆ, ಹೊಟ್ಟೆ ಬಂದಿದೆ, ನೆತ್ತಿ ಬರಿದಾಗುತ್ತಿದೆ. ಚಳಿಗಾಲದಲ್ಲಿ ಪಕ್ಕೆ ಹಿಡಿದುಕೊಳ್ಳುತ್ತದೆ, ಆಗ ಯಾರ ಜೊತೆಗೂ ಮಾತಿಲ್ಲ. ವಾರದ ರಜೆಯಲ್ಲಿ ರಸ್ತೆಯ ಕೊನೆಯ ಕ್ಷೌರದಂಗಡಿಗೆ ಹೋಗುತ್ತಾನೆ.

"ಬೋಲ್ಟಣ್ಣ, ನೆತ್ತಿ ಕಾಣ್ತಿದೆ. ಎಣ್ಣೆ ಒಂದಿದೆ, ಕೊಡ್ಲಾ?" ಎಂದು ಕ್ಷೌರಿಕ ಪ್ರತಿ ಸಲವೂ ಕೇಳುತ್ತಾನೆ.

"ಬಿಡಪ್ಪ. ಅಪ್ಪಂಗೂ ಹಿಂಗೇ ಆಗಿತ್ತು," ಎಂದು ಬೋಲ್ಟು ಪ್ರತಿ ಸಲವೂ ಹೆಮ್ಮೆಯಿಂದ ಹೇಳುತ್ತಾನೆ.

ಕ್ಷೌರಿಕ ಅವನ ಗಲ್ಲಕ್ಕೆ ನೊರೆ ಹಚ್ಚಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಕತ್ತಿ ಮಸೆದು ಗಂಟಲಿನ ಮೇಲಿಡುತ್ತಾನೆ. ಅಷ್ಟು ಹೊತ್ತಿಗೆ ಬೋಲ್ಟು ಬಾಯಿ ತೆರೆದುಕೊಂಡು, ಕೈಕಾಲು ಚೆಲ್ಲಿಕೊಂಡು, ಗೊರಕೆ ಹೊಡೆಯುತ್ತಿರುತ್ತಾನೆ.